‘ಅಜ್ಜ ಮಲಗಿದ್ದಾರೆ’ ಎಂದು ಮಗುವಿಗೆ ಹೇಳಬಹುದೇ? ಸಾವು, ಮಕ್ಕಳು ಮತ್ತು ಒಂದು ಪುಟ್ಟ ಪುಸ್ತಕ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಮೆಸೇಜ್ ಬಂದಿರಬಹುದು. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಚಿಕ್ಕ ಮಕ್ಕಳ ಎದುರು ಸಾವಿನ ಮಾತು ಎತ್ತಬೇಡಿ, ಮಲಗಿದ್ದಾರೆ ಅಥವಾ ದೂರದ ಊರಿಗೆ ಹೋಗಿದ್ದಾರೆ ಎನ್ನಿ, ಅಂಥ ಕಥೆಗಳನ್ನೂ ಓದಿಸಬೇಡಿ, ಮಕ್ಕಳು ತಾವಾಗಿಯೇ ಮರೆಯುತ್ತಾರೆ ಎಂಬುದು ಅದರ ಸಾರ. ಕೊನೆಗೆ ಕೈಮುಗಿದ ಎಮೋಜಿ. ಕೆಳಗೆ ‘ಹತ್ತು ಜನರಿಗೆ ಕಳುಹಿಸಿ’.

ನಮ್ಮ ಮನೆಯ ಗ್ರೂಪಿಗೆ ಅದು ಬಂದದ್ದು ನಮ್ಮಪ್ಪ ತೀರಿಕೊಂಡ ನಾಲ್ಕನೇ ದಿನ. ಕಳುಹಿಸಿದವರು ಒಳ್ಳೆಯ ಮನಸ್ಸಿನಿಂದಲೇ ಕಳುಹಿಸಿದ್ದರು. ಅಕ್ಕನ ಮಗಳಿಗೆ ಆಗ ಐದು ವರ್ಷ. ಅವಳಿಗೆ ಅಜ್ಜ ಎಂದರೆ ಪ್ರಾಣ. ಅಂದು ಅವಳನ್ನು ಪಕ್ಕದ ಮನೆಗೆ ಕಳುಹಿಸಿ, ಸಂಜೆ ಕರೆತಂದಾಗ ‘ಅಜ್ಜ ಮಲಗಿದ್ದಾರೆ ಪುಟ್ಟಾ’ ಎಂದಿದ್ದೆವು. ಹಾಗೆ ಹೇಳಿದವರಲ್ಲಿ ನಾನೂ ಒಬ್ಬಳು. ಕಮ್ಯುನಿಕೇಶನ್‌ನಲ್ಲಿ ಸ್ನಾತಕೋತ್ತರ ಪದವಿ ಇದೆ, ಸಂಶೋಧನೆ ಮಾಡುತ್ತೇನೆ. ಆದರೂ ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಅದೊಂದೇ ಮಾತು.

ಅವಳು ನಂಬಿದಳು. ಅಜ್ಜನ ಕನ್ನಡಕವನ್ನು ಒರೆಸಿ ದಿಂಬಿನ ಪಕ್ಕ ಇಟ್ಟಳು. ಎದ್ದಾಗ ಬೇಕಲ್ಲ! ಮೂರು ದಿನ ಕಳೆಯಿತು. ಯಾವಾಗ ಏಳುತ್ತಾರೆ ಎಂದು ದಿನಕ್ಕೆ ಹತ್ತು ಸಲ ಕೇಳತೊಡಗಿದಳು. ಆಮೇಲೆ ತಾನೇ ಮಲಗಲು ಒಪ್ಪದಾದಳು. ರಾತ್ರಿ ಎರಡು ಗಂಟೆಗೆ ಅಮ್ಮನ ಕಣ್ಣುರೆಪ್ಪೆ ಎತ್ತಿ ಉಸಿರಾಡುತ್ತಿದ್ದಾಳಾ ಎಂದು ನೋಡುತ್ತಿದ್ದಳು.

ಹಾಗಾದರೆ ಆ ಫಾರ್ವರ್ಡ್‌ನಲ್ಲಿ ಇರುವುದು ನಿಜವೇ? ಅದರಲ್ಲಿನ ಮಾತುಗಳನ್ನು ಒಂದೊಂದಾಗಿ ನೋಡೋಣ. ಜೊತೆಗೆ, ನಮ್ಮ ಮನೆಯಲ್ಲಿ ಕೊನೆಗೆ ದಾರಿ ತೋರಿಸಿದ ಒಂದು ಮಕ್ಕಳ ಪುಸ್ತಕದ ಬಗ್ಗೆಯೂ ಹೇಳುತ್ತೇನೆ.

ಹೇಳಿಕೆ 1: ಚಿಕ್ಕ ಮಕ್ಕಳಿಗೆ ಸಾವು ಅರ್ಥವಾಗುವುದಿಲ್ಲ

ಇದು ಅರ್ಧ ನಿಜ.

ಮಕ್ಕಳು ಸಾವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದರ ಅಧ್ಯಯನ ಬಹಳ ಹಳೆಯದು. ಹಂಗೇರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ 3ರಿಂದ 10 ವರ್ಷದೊಳಗಿನ ಮಕ್ಕಳನ್ನು ಮಾತನಾಡಿಸಿ, ಚಿತ್ರ ಬರೆಸಿ, 1948ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಅವರು ಕಂಡದ್ದು ಇದು: ಸಾವು ಎಂದರೆ ಒಂದು ಬಗೆಯ ನಿದ್ದೆ ಅಥವಾ ಪ್ರಯಾಣ, ಹೋದವರು ವಾಪಸ್ ಬರಬಹುದು.

ಆಮೇಲಿನ ಸಂಶೋಧಕರು ‘ಸಾವು ಅರ್ಥವಾಗುವುದು’ ಎಂಬ ದೊಡ್ಡ ಮಾತನ್ನು ಸಣ್ಣ ಸಣ್ಣ ಭಾಗಗಳಾಗಿ ಬಿಡಿಸಿದರು. ಮುಖ್ಯವಾದವು ನಾಲ್ಕು.

ಒಂದು, ಸತ್ತವರು ಮರಳಿ ಬರುವುದಿಲ್ಲ.

ಎರಡು, ಸತ್ತ ದೇಹ ಕೆಲಸ ಮಾಡುವುದಿಲ್ಲ. ಉಸಿರಾಟ ಇಲ್ಲ, ಹಸಿವಿಲ್ಲ, ಚಳಿಯಿಲ್ಲ, ನೋವಿಲ್ಲ.

ಮೂರು, ಬದುಕಿರುವ ಎಲ್ಲಕ್ಕೂ ಒಂದಲ್ಲ ಒಂದು ದಿನ ಸಾವಿದೆ.

ನಾಲ್ಕು, ಸಾವಿಗೆ ದೇಹಕ್ಕೆ ಸಂಬಂಧಿಸಿದ ಕಾರಣ ಇರುತ್ತದೆ. ಯಾರದೋ ಸಿಟ್ಟಿನಿಂದ, ಯಾರದೋ ಮಾತಿನಿಂದ ಯಾರೂ ಸಾಯುವುದಿಲ್ಲ.

ಇವೆಲ್ಲ ಒಂದೇ ದಿನ ತಲೆಗೆ ಹೋಗುವುದಿಲ್ಲ. 1984ರಲ್ಲಿ ಸ್ಪೀಸ್ ಮತ್ತು ಬ್ರೆಂಟ್ ಎಂಬ ಸಂಶೋಧಕರು ಅಲ್ಲಿಯವರೆಗಿನ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೊದಲ ಮೂರು ವಿಷಯಗಳು ಹೆಚ್ಚಿನ ಮಕ್ಕಳಿಗೆ 5ರಿಂದ 7 ವರ್ಷದ ನಡುವೆ ತಿಳಿಯುತ್ತವೆ ಎಂಬ ತೀರ್ಮಾನಕ್ಕೆ ಬಂದರು.

ಅಂದರೆ ಐದು ವರ್ಷದ ಮಗು ಹೊಸ್ತಿಲ ಮೇಲೆ ನಿಂತಿದೆ. ಅದಕ್ಕೆ ಪೂರ್ತಿ ಗೊತ್ತಿಲ್ಲ, ಏನೂ ಗೊತ್ತಿಲ್ಲ ಎಂದೂ ಅಲ್ಲ. ಸತ್ತ ಇರುವೆ, ಬಾಡಿದ ಹೂವು, ರಸ್ತೆಯಲ್ಲಿ ಬಿದ್ದ ನಾಯಿಮರಿ ಎಲ್ಲವನ್ನೂ ಅದು ನೋಡಿರುತ್ತದೆ. ಈ ವಯಸ್ಸಿನಲ್ಲಿ ನಾವು ಹೇಳುವ ಮಾತು ಅದನ್ನು ಮುಂದಕ್ಕೂ ಕರೆದೊಯ್ಯಬಹುದು, ಗೊಂದಲಕ್ಕೂ ತಳ್ಳಬಹುದು.

ನಾಲ್ಕನೆಯ ವಿಷಯವನ್ನು ವಿಶೇಷವಾಗಿ ಗಮನಿಸಿ. ಕಾರಣ ಹೇಳದೇ ಹೋದರೆ ಮಗು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ. ಹೆಚ್ಚಿನ ಸಲ ಆ ಕಾರಣ ತಾನೇ ಆಗಿರುತ್ತದೆ. ‘ನಾನು ಔಷಧಿ ಡಬ್ಬಿ ಬೀಳಿಸಿದ್ದಕ್ಕಾ?’ ಎಂದು ನಮ್ಮ ಪುಟ್ಟಿ ಕೇಳಿದ್ದಳು. ಎಷ್ಟು ದಿನದಿಂದ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೋ!

ಹೇಳಿಕೆ 2: ‘ಮಲಗಿದ್ದಾರೆ’, ‘ಊರಿಗೆ ಹೋಗಿದ್ದಾರೆ’ ಎಂದರೆ ಮನಸ್ಸಿಗೆ ಹಗುರ

ಇದು ತಪ್ಪು. ಹಗುರವಾಗುವುದು ಹೇಳುವ ದೊಡ್ಡವರಿಗೆ, ಕೇಳುವ ಮಗುವಿಗಲ್ಲ.

ಚಿಕ್ಕ ಮಕ್ಕಳು ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳುತ್ತಾರೆ. ಮಲಗಿದವರು ಏಳಬೇಕು. ಏಳದಿದ್ದರೆ ನಿದ್ದೆಯೇ ಅಪಾಯದ ವಿಷಯ. ಊರಿಗೆ ಹೋದವರು ಬರಬೇಕು. ಬರದಿದ್ದರೆ ಅವರಿಗೆ ನಾನು ಬೇಡವಾಗಿದ್ದೇನೆ. ‘ಕಾಯಿಲೆಯಿಂದ ಹೋದರು’ ಎಂದಷ್ಟೇ ಹೇಳಿದರೆ ನಾಳೆ ಅಮ್ಮನಿಗೆ ನೆಗಡಿಯಾದರೂ ಮಗು ಹೆದರುತ್ತದೆ. ಅದಕ್ಕೇ ‘ತುಂಬಾ ತುಂಬಾ ದೊಡ್ಡ ಕಾಯಿಲೆ, ನಮಗೆ ಬರುವ ಶೀತ ಜ್ವರದಂಥದ್ದಲ್ಲ’ ಎಂದು ಬಿಡಿಸಿ ಹೇಳಬೇಕು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಹಿರಿಯರ ಬಗ್ಗೆ ‘ಸತ್ತರು’ ಎನ್ನುವುದು ನಮಗೆ ಒರಟು ಎನಿಸುತ್ತದೆ. ತೀರಿಕೊಂಡರು, ಹೋಗಿಬಿಟ್ಟರು, ಇನ್ನಿಲ್ಲ, ದೈವಾಧೀನರಾದರು, ಲಿಂಗೈಕ್ಯರಾದರು, ವೈಕುಂಠವಾಸಿಯಾದರು ಎಂದೆಲ್ಲ ಹೇಳುತ್ತೇವೆ. ಇವು ಗೌರವದ ಮಾತುಗಳು, ಬಿಡಬೇಕಾಗಿಲ್ಲ. ಆದರೆ ಮಗುವಿನ ಕಿವಿಯಿಂದ ಕೇಳಿ ನೋಡಿ. ಸಕ್ಕರೆ ತೀರಿದರೆ ಅಂಗಡಿಯಿಂದ ತರಬಹುದು. ಇನ್ನು ‘ಹೋಗಿದ್ದಾರೆ’? ನಮ್ಮಲ್ಲಿ ಮನೆಯಿಂದ ಹೊರಡುವವರು ಬರೀ ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತಾರೆ. ಹಾಗೆ ಕೇಳಿ ಬೆಳೆದ ಮಗುವಿಗೆ ಹೋದವರೆಂದರೆ ಬರುವವರು.

ಆದ್ದರಿಂದ ಗೌರವದ ಮಾತಿನ ಜೊತೆಗೆ ಅರ್ಥವನ್ನೂ ಹೇಳಿ: ‘ಅಜ್ಜ ತೀರಿಕೊಂಡರು. ಹಾಗೆಂದರೆ ಸತ್ತುಹೋದರು. ಅವರ ದೇಹ ಕೆಲಸ ಮಾಡುವುದನ್ನು ನಿಲ್ಲಿಸಿತು. ಇನ್ನು ಏಳುವುದಿಲ್ಲ, ವಾಪಸ್ ಬರುವುದಿಲ್ಲ. ಅವರಿಗೆ ಈಗ ನೋವಿಲ್ಲ. ಇದು ಯಾರ ತಪ್ಪೂ ಅಲ್ಲ.’ ಇಷ್ಟು ಸಾಕು. ಮಿಕ್ಕದ್ದನ್ನು ಮಗು ಕೇಳಿದಾಗ ಹೇಳಬಹುದು.

ಟಿವಿ ಕಾರ್ಯಕ್ರಮವೊಂದು ಹೇಳಿದ ನಿಜ

ಇದನ್ನು ಬಹಳ ಚೆನ್ನಾಗಿ ಮಾಡಿದ ಒಂದು ಉದಾಹರಣೆ ಸಂವಹನ ಓದುವವರಿಗೆಲ್ಲ ಪರಿಚಿತ. ಅಮೆರಿಕದ ‘ಸೆಸಮಿ ಸ್ಟ್ರೀಟ್’ ಮಕ್ಕಳ ಕಾರ್ಯಕ್ರಮದಲ್ಲಿ ಅಂಗಡಿಯ ಹೂಪರ್ ಎಂಬ ತಾತನ ಪಾತ್ರವಿತ್ತು. ಆ ಪಾತ್ರ ಮಾಡುತ್ತಿದ್ದ ನಟ ವಿಲ್ ಲೀ 1982ರ ಡಿಸೆಂಬರಿನಲ್ಲಿ ತೀರಿಕೊಂಡರು. ತಂಡದ ಮುಂದೆ ಸುಲಭದ ದಾರಿಗಳಿದ್ದವು. ಬೇರೆ ನಟನನ್ನು ತರಬಹುದಿತ್ತು. ತಾತ ನಿವೃತ್ತರಾಗಿ ಬೇರೆ ಊರಿಗೆ ಹೋದರು ಎನ್ನಬಹುದಿತ್ತು.

ಅವರು ಹಾಗೆ ಮಾಡಲಿಲ್ಲ. ಮಕ್ಕಳ ಮನಶ್ಶಾಸ್ತ್ರ ಬಲ್ಲವರ ಸಲಹೆ ಪಡೆದು, ತಾತ ಸತ್ತುಹೋದರೆಂದು ನೇರವಾಗಿ ಹೇಳುವ ಕಂತನ್ನು ಮಾಡಿದರು. ಅದರಲ್ಲಿ ಬಿಗ್ ಬರ್ಡ್ ಎಂಬ ದೊಡ್ಡ ಹಳದಿ ಹಕ್ಕಿ ಎಲ್ಲರ ಚಿತ್ರ ಬರೆದು ಹಂಚುತ್ತದೆ. ಹೂಪರ್ ತಾತನ ಚಿತ್ರ ಕೈಯಲ್ಲೇ ಉಳಿಯುತ್ತದೆ. ಬಂದಾಗ ಕೊಡುತ್ತೇನೆ ಎನ್ನುತ್ತದೆ ಹಕ್ಕಿ. ಸತ್ತವರು ಬರುವುದಿಲ್ಲ ಎಂದು ದೊಡ್ಡವರು ಮೃದುವಾಗಿ, ಆದರೆ ಸ್ಪಷ್ಟವಾಗಿ ಹೇಳುತ್ತಾರೆ. ಹೇಳುತ್ತಾ ಅವರ ಕಣ್ಣೂ ತುಂಬುತ್ತದೆ. ಇನ್ನು ಮುಂದೆ ಅಂಗಡಿ ನೋಡಿಕೊಳ್ಳುವವರು ಯಾರು, ಹಕ್ಕಿಗೆ ತಿಂಡಿ ಕೊಡುವವರು ಯಾರು ಎಂಬುದನ್ನೂ ಹೇಳುತ್ತಾರೆ. ನಿದ್ದೆ, ಪ್ರಯಾಣದಂಥ ಮಾತುಗಳನ್ನು ಬೇಕೆಂದೇ ಬಿಟ್ಟಿದ್ದರು. ಪ್ರಸಾರಕ್ಕೆ ಆರಿಸಿದ ದಿನ 1983ರ ನವೆಂಬರ್ 24. ಅಂದು ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ. ಅಪ್ಪ ಅಮ್ಮ ಮನೆಯಲ್ಲಿರುತ್ತಾರೆ, ಮಗು ಪ್ರಶ್ನೆ ಕೇಳಿದರೆ ಉತ್ತರಿಸಲು ಪಕ್ಕದಲ್ಲಿ ದೊಡ್ಡವರಿರುತ್ತಾರೆ ಎಂಬ ಲೆಕ್ಕ.

ಈ ಕೊನೆಯ ವಿಷಯವನ್ನು ನೆನಪಿಡಿ. ಪುಸ್ತಕಕ್ಕೂ ಅದೇ ಅನ್ವಯ.

ಹಾಗಾದರೆ ದೇವರು, ಸ್ವರ್ಗ, ನಕ್ಷತ್ರ ಎನ್ನಬಾರದೇ?

ಹೇಳಬಾರದೆಂದಿಲ್ಲ. ಅದು ನಿಮ್ಮ ಮನೆಯ ನಂಬಿಕೆಗೆ ಬಿಟ್ಟದ್ದು. ಪಾಲ್ ಹ್ಯಾರಿಸ್ ಮತ್ತು ಮಾರ್ತಾ ಹಿಮೆನೆಸ್ ಎಂಬ ಸಂಶೋಧಕರು ಸ್ಪೇನಿನ 7 ಮತ್ತು 11 ವರ್ಷದ ಮಕ್ಕಳನ್ನು ಮಾತನಾಡಿಸಿ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳು ಎರಡೂ ಬಗೆಯ ಉತ್ತರವನ್ನು ಒಟ್ಟಿಗೆ ಇಟ್ಟುಕೊಳ್ಳಬಲ್ಲರು ಎಂಬುದು ಅದರಲ್ಲಿ ಕಂಡಿತು. ವೈದ್ಯರ ಕಥೆ ಹೇಳಿ ಕೇಳಿದಾಗ ದೇಹ ನಿಂತುಹೋಯಿತು ಎನ್ನುತ್ತಾರೆ. ಪಾದ್ರಿಯ ಕಥೆ ಹೇಳಿ ಕೇಳಿದಾಗ ಆತ್ಮದ ಮಾತು ಹೆಚ್ಚಾಗುತ್ತದೆ.

ಮುಖ್ಯವಾದುದು ಕ್ರಮ. ಮೊದಲು ದೇಹದ ಸತ್ಯ ಹೇಳಿ, ಆಮೇಲೆ ನಂಬಿಕೆ ಹೇಳಿ. ‘ಅಜ್ಜ ಸತ್ತುಹೋದರು, ಬರುವುದಿಲ್ಲ. ಅವರು ದೇವರ ಬಳಿ ಇದ್ದಾರೆ ಎಂದು ನಾವು ನಂಬುತ್ತೇವೆ’ ಎನ್ನಬಹುದು. ಬರೀ ‘ದೇವರು ಕರೆದುಕೊಂಡ’ ಎಂದರೆ ಸಂಜೆ ದೇವರಮನೆಯ ಮುಂದೆ ಕೈಮುಗಿಯಲು ಮಗು ಹೆದರಬಹುದು. ಒಳ್ಳೆಯವರನ್ನೆಲ್ಲ ಕರೆದುಕೊಳ್ಳುತ್ತಾನೆ ಎಂದರಂತೂ ಒಳ್ಳೆಯ ಮಗುವಾಗುವುದೇ ಬೇಡ ಎಂದುಕೊಂಡೀತು!

ಹೇಳಿಕೆ 3: ಸಾವಿನ ಕಥೆ ಓದಿಸಿದರೆ ಮಕ್ಕಳು ಹೆದರುತ್ತಾರೆ

ಇಲ್ಲಿಂದ ನಮ್ಮ ಪುಸ್ತಕದ ಕಥೆ ಶುರು.

ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಯಾವುದೋ ಅಸೈನ್‌ಮೆಂಟಿಗೆಂದು ಮಕ್ಕಳ ಚಿತ್ರಪುಸ್ತಕಗಳನ್ನು ತಿರುವಿಹಾಕಿದ್ದೆ. ಅದರಲ್ಲೊಂದು ಮುದಿ ಪ್ರಾಣಿ, ಹಿಮ, ಕತ್ತರಿಯಲ್ಲಿ ಕಾಗದ ಕತ್ತರಿಸುವ ಇನ್ನೊಂದು ಪುಟ್ಟ ಪ್ರಾಣಿ. ಇಷ್ಟೇ ನೆನಪು. ಹೆಸರೂ ಇಲ್ಲ, ಲೇಖಕರೂ ಇಲ್ಲ. ಅಪ್ಪ ತೀರಿಕೊಂಡ ಎರಡನೇ ವಾರ ಒಂದು ರಾತ್ರಿ ಪುಟ್ಟಿಯ ಪಕ್ಕ ಕುಳಿತಾಗ ಆ ಕಾಗದದ ಪ್ರಾಣಿಗಳ ಸಾಲು ನೆನಪಾಯಿತು. ಫೋನಿನಲ್ಲೇ ಹುಡುಕತೊಡಗಿದೆ. ಕಾಗದ, ಕತ್ತರಿ, ಮುದಿ ಪ್ರಾಣಿ, ಸಾವು, ಮಕ್ಕಳ ಪುಸ್ತಕ ಎಂದು ಬರೆದು ಮೂರು ರಾತ್ರಿ ಹುಡುಕಿದ ಮೇಲೆ ಮುಖಪುಟದ ಚಿತ್ರ ಕಣ್ಣಿಗೆ ಬಿತ್ತು.

ಪುಸ್ತಕದ ಹೆಸರು ‘ಬ್ಯಾಜರ್ಸ್ ಪಾರ್ಟಿಂಗ್ ಗಿಫ್ಟ್ಸ್’. ಬ್ಯಾಜರ್ ಬಿಟ್ಟುಹೋದ ಉಡುಗೊರೆಗಳು ಎಂದರ್ಥ. ಬರೆದು ಚಿತ್ರ ಬಿಡಿಸಿದವರು ಇಂಗ್ಲೆಂಡಿನ ಸೂಸನ್ ವಾರ್ಲಿ. 1984ರಲ್ಲಿ ಬಂದ ಇದು ಅವರ ಮೊದಲ ಪುಸ್ತಕ. ಬ್ಯಾಜರ್ ನಮ್ಮ ಕಾಡಿನ ತರಕರಡಿಯ ದೂರದ ಸಂಬಂಧಿ, ಬಿಲದಲ್ಲಿ ವಾಸಿಸುವ ಪ್ರಾಣಿ.

ಕಥೆ ಸರಳ. ಬ್ಯಾಜರ್‌ಗೆ ವಯಸ್ಸಾಗಿದೆ. ತಾನು ಸಾಯುತ್ತೇನೆ ಎಂದು ಅವನಿಗೆ ಗೊತ್ತು. ಭಯವಿಲ್ಲ. ಚಿಂತೆ ಇರುವುದು ಗೆಳೆಯರ ಬಗ್ಗೆ ಮಾತ್ರ. ಒಂದು ಸಂಜೆ ಒಂದು ಪತ್ರ ಬರೆದಿಟ್ಟು, ಒಲೆಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚುತ್ತಾನೆ. ಉದ್ದನೆಯ ಸುರಂಗದಲ್ಲಿ ಊರುಗೋಲಿಲ್ಲದೆ ಓಡುತ್ತಿರುವ ಕನಸು ಬೀಳುತ್ತದೆ. ಬೆಳಿಗ್ಗೆ ಗೆಳೆಯರು ಬಂದು ನೋಡಿದರೆ ಬ್ಯಾಜರ್ ಇಲ್ಲ. ಆಮೇಲೆ ಹಿಮಗಾಲ. ಎಲ್ಲರಿಗೂ ದುಃಖ. ಹೆಗ್ಗಣದಂತೆ ನೆಲ ತೋಡುವ ಪುಟ್ಟ ಮೋಲ್ ರಾತ್ರಿಯೆಲ್ಲ ಅತ್ತು ಹೊದಿಕೆ ಒದ್ದೆ ಮಾಡಿಕೊಳ್ಳುತ್ತಾನೆ.

ವಸಂತ ಬರುತ್ತದೆ. ಗೆಳೆಯರು ಸೇರಿ ಮಾತನಾಡತೊಡಗುತ್ತಾರೆ. ಕಾಗದ ಮಡಿಸಿ ಸಾಲು ಗೊಂಬೆ ಕತ್ತರಿಸುವುದನ್ನು ಮೋಲ್‌ಗೆ ಕಲಿಸಿದವನು ಬ್ಯಾಜರ್. ಕಪ್ಪೆಗೆ ಹಿಮದ ಮೇಲೆ ಜಾರುವುದನ್ನು, ನರಿಗೆ ಟೈ ಕಟ್ಟುವುದನ್ನು, ಮೊಲದಮ್ಮನಿಗೆ ಶುಂಠಿ ಬಿಸ್ಕತ್ತು ಮಾಡುವುದನ್ನು ಕಲಿಸಿದವನೂ ಅವನೇ. ಕಲಿಸಿದ್ದು ಯಾವುದೂ ಹೋಗಿಲ್ಲ, ಅವರ ಕೈಯಲ್ಲೇ ಇದೆ.

ನಾನು ಇಂಗ್ಲಿಷ್ ಪುಸ್ತಕ ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವಳಿಗೆ ಅವನು ‘ಬ್ಯಾಜರ್ ತಾತ’ನಾದ. ಹೆದರಿದಳೇ? ಇಲ್ಲ. ಅತ್ತಳೇ? ಹೌದು, ಮೋಲ್‌ನ ಹೊದಿಕೆಯ ಚಿತ್ರ ಬಂದಾಗ. ಎರಡು ವಾರದಲ್ಲಿ ಮೊದಲ ಸಲ ಅವಳು ಅಜ್ಜನಿಗಾಗಿ ಅತ್ತದ್ದು. ಅಲ್ಲಿಯವರೆಗೆ ಅವಳಿಗೆ ಅಳಲು ಕಾರಣವನ್ನೇ ನಾವು ಕೊಟ್ಟಿರಲಿಲ್ಲ. ಮಲಗಿದವರಿಗಾಗಿ ಯಾರು ಅಳುತ್ತಾರೆ?

ಹೆದರಿಕೆ ಮತ್ತು ದುಃಖ ಬೇರೆ ಬೇರೆ. ಫಾರ್ವರ್ಡ್ ಬರೆದವರು ಗುರುತಿಸದೇ ಹೋದದ್ದು ಇದನ್ನೇ. ಮಗು ಅತ್ತರೆ ಅದಕ್ಕೆ ಹಾನಿಯಾಯಿತು ಎಂದುಕೊಳ್ಳುತ್ತೇವೆ. ಆದರೆ ಪ್ರೀತಿಸಿದವರು ಸತ್ತಾಗ ಅಳುವುದು ಸರಿಯಾದ ಪ್ರತಿಕ್ರಿಯೆ. ಮಗುವನ್ನು ಹೆಚ್ಚು ಹೆದರಿಸುವುದು ಎಲ್ಲರೂ ಬಚ್ಚಿಡುವ, ತಾನು ಬಂದೊಡನೆ ಮಾತು ನಿಲ್ಲಿಸುವ ಗುಟ್ಟು.

ಪುಸ್ತಕವೂ ಮಂತ್ರವಲ್ಲ

ಈಗ ಇನ್ನೊಂದು ಬದಿ. ಒಳ್ಳೆಯ ಪುಸ್ತಕ ಓದಿಸಿದರೆ ದುಃಖ ವಾಸಿಯಾಗುತ್ತದೆ ಎಂಬುದೂ ಒಂದು ಮಿಥ್ಯೆಯೇ. ಪುಸ್ತಕ ಔಷಧಿಯಲ್ಲ, ಮಾತು ಶುರುಮಾಡುವ ಒಂದು ನೆಪ. ನೇರವಾಗಿ ಅಜ್ಜನ ಬಗ್ಗೆ ಮಾತನಾಡಲು ಕಷ್ಟವಾದಾಗ ಬ್ಯಾಜರ್ ಬಗ್ಗೆ ಮಾತನಾಡಬಹುದು. ‘ಮೋಲ್‌ಗೆ ಯಾಕೆ ಬೇಜಾರು?’ ಎಂದು ಕೇಳಿದರೆ ಮಗು ತನ್ನದೇ ಉತ್ತರ ಹೇಳುತ್ತದೆ.

ಇಷ್ಟು ಮೆಚ್ಚಿದ ಈ ಪುಸ್ತಕದಲ್ಲೂ ಒಂದು ತೊಡಕಿದೆ. ಬ್ಯಾಜರ್ ಸಾಯುವುದು ಕುರ್ಚಿಯಲ್ಲಿ ನಿದ್ದೆ ಹೋದ ಹಾಗೆ. ನಿದ್ದೆಗೇ ಹೆದರಿದ್ದ ನಮ್ಮ ಪುಟ್ಟಿ ಆ ಪುಟದಲ್ಲಿ ನನ್ನ ಕೈ ಹಿಡಿದುಕೊಂಡಳು. ಅಲ್ಲಿ ಪುಸ್ತಕ ನಿಲ್ಲಿಸಿ ಹೇಳಬೇಕಾಯಿತು: ‘ಬ್ಯಾಜರ್ ನಿದ್ದೆ ಮಾಡಿದ್ದಕ್ಕೆ ಸತ್ತದ್ದಲ್ಲ. ಅವನ ದೇಹಕ್ಕೆ ತುಂಬಾ ತುಂಬಾ ವಯಸ್ಸಾಗಿತ್ತು. ನೀನು, ಅಮ್ಮ, ನಾನು ಮಲಗಿದರೆ ಬೆಳಿಗ್ಗೆ ಏಳುತ್ತೇವೆ. ನಿದ್ದೆಯೇ ಬೇರೆ, ಸಾವೇ ಬೇರೆ. ಅವತ್ತು ಅಜ್ಜ ಮಲಗಿದ್ದಾರೆ ಅಂತ ನಾವು ಹೇಳಿದ್ದು ತಪ್ಪು. ಅಜ್ಜ ಸತ್ತುಹೋದರು ಪುಟ್ಟಾ.’

ನಿಜ ಹೇಳಿದ್ದು ನಾವು, ಪುಸ್ತಕವಲ್ಲ. ಅದಕ್ಕೆ ಜಾಗ ಮಾಡಿಕೊಟ್ಟದ್ದು ಪುಸ್ತಕ. ಮೊದಲೇ ತಪ್ಪು ಹೇಳಿಬಿಟ್ಟಿದ್ದರೂ ಪರವಾಗಿಲ್ಲ, ತಿದ್ದಿಕೊಳ್ಳಬಹುದು. ದೊಡ್ಡವರು ತಪ್ಪು ಒಪ್ಪಿಕೊಂಡರೆ ಮಗುವಿನ ನಂಬಿಕೆ ಕಡಿಮೆಯಾಗುವುದಿಲ್ಲ.

ಇದೇನು ವಿದೇಶಿ ಐಡಿಯಾವೇ?

‘ನಮ್ಮ ಸಂಸ್ಕೃತಿಯಲ್ಲಿ ಮಕ್ಕಳಿಗೆ ಇಂಥದ್ದನ್ನು ಹೇಳುವುದಿಲ್ಲ’ ಎನ್ನುವವರು ಪುಣ್ಯಕೋಟಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಗೋವಿನ ಹಾಡು ಕೇಳಿ ಬೆಳೆಯದ ಕನ್ನಡದ ಮಗು ಎಲ್ಲಿದೆ? ಅದರ ನಡುವಿನ ಭಾಗ ಏನು? ಸಾಯಲು ಹೊರಟ ತಾಯಿ ಕರುವಿಗೆ ವಿದಾಯ ಹೇಳುವುದು.

ಆ ತಾಯಿ ಏನು ಮಾಡುತ್ತಾಳೆ ಗಮನಿಸಿ. ಮೇಯಲು ಹೋಗಿ ಬರುತ್ತೇನೆ ಎಂದು ಕರುವಿಗೆ ಸುಳ್ಳು ಹೇಳುವುದಿಲ್ಲ. ಹುಲಿಯ ಬಳಿ ಹೋಗುತ್ತಿದ್ದೇನೆ ಎಂದೇ ಹೇಳುತ್ತಾಳೆ. ಕರು ತನ್ನ ಗತಿಯೇನು ಎಂದು ಕೇಳುತ್ತದೆ. ಆಗ ಉಳಿದ ಹಸುಗಳನ್ನು ಕರೆದು ಕರುವನ್ನು ಅವರಿಗೆ ಒಪ್ಪಿಸುತ್ತಾಳೆ.

ಮನೆಯಲ್ಲಿ ಸಾವಾದಾಗ ಮಗುವಿನ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಇರುತ್ತವೆ ಎನ್ನುತ್ತಾರೆ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು. ಇದು ನನ್ನಿಂದ ಆಯಿತಾ? ನನಗೂ ಹೀಗೆ ಆಗುತ್ತದಾ? ಇನ್ನು ನನ್ನನ್ನು ನೋಡಿಕೊಳ್ಳುವವರು ಯಾರು? ಮೂರನೆಯದಕ್ಕೆ ಪುಣ್ಯಕೋಟಿ ಕೊಟ್ಟ ಉತ್ತರಕ್ಕಿಂತ ಒಳ್ಳೆಯದು ಯಾವುದಿದೆ? ಸತ್ಯವನ್ನೂ ಹೇಳಿದಳು, ಆಸರೆಯನ್ನೂ ತೋರಿಸಿದಳು. ನಮ್ಮ ಹಾಡು ಮಕ್ಕಳಿಂದ ಸಾವನ್ನು ಬಚ್ಚಿಟ್ಟಿಲ್ಲ. ಬಚ್ಚಿಡಲು ಕಲಿತದ್ದು ನಾವು.

ಯಾವ ಮಗುವಿಗೆ ಯಾವ ಪುಸ್ತಕ?

ಸತ್ತವರು ಯಾರು, ಮಗುವಿಗೆ ಎಷ್ಟು ವಯಸ್ಸು ಎಂಬುದರ ಮೇಲೆ ಪುಸ್ತಕ ಆರಿಸಬೇಕು.

ಅಜ್ಜ, ಅಜ್ಜಿಯರ ಸಾವಿಗೆ ಬ್ಯಾಜರ್ ಚೆನ್ನಾಗಿ ಹೊಂದುತ್ತದೆ. ಎಳೆಯ ವಯಸ್ಸಿನವರ ಸಾವಾಗಿದ್ದರೆ ಅಷ್ಟು ಹೊಂದುವುದಿಲ್ಲ, ಏಕೆಂದರೆ ಅದರಲ್ಲಿ ಸಾವು ಮುಪ್ಪಿನ ಸಹಜ ಕೊನೆ.

ಸಾಕಿದ ನಾಯಿಯೋ ಬೆಕ್ಕೋ ಸತ್ತಿದ್ದರೆ ಜುಡಿತ್ ವಿಯೋರ್ಸ್ಟ್ ಅವರ ‘ದ ಟೆಂತ್ ಗುಡ್ ಥಿಂಗ್ ಅಬೌಟ್ ಬಾರ್ನಿ’ (1971) ಇದೆ. ಸತ್ತ ಬೆಕ್ಕಿನ ಬಗ್ಗೆ ಹತ್ತು ಒಳ್ಳೆಯ ಮಾತು ಹುಡುಕುವ ಹುಡುಗನ ಕಥೆ. ಮಣ್ಣಲ್ಲಿ ಸೇರಿ ಗಿಡ ಹೂ ಬಿಡಲು ನೆರವಾಗುತ್ತದೆ ಎಂಬುದು ಅವನ ಹತ್ತನೆಯ ಮಾತು.

ಸ್ವಲ್ಪ ದೊಡ್ಡ ಮಕ್ಕಳಿಗೆ ಇ.ಬಿ. ವೈಟ್ ಅವರ ‘ಷಾರ್ಲಟ್ಸ್ ವೆಬ್’ (1952). ಹಂದಿಮರಿಯ ಪ್ರಾಣ ಉಳಿಸಿದ ಜೇಡ ಕೊನೆಗೆ ಸಾಯುತ್ತದೆ, ಅದರ ಮರಿಗಳು ಬರುತ್ತವೆ. ಮುಂದೆ ಈ ಪುಸ್ತಕವನ್ನು ಲೇಖಕರೇ ಓದಿ ರೆಕಾರ್ಡ್ ಮಾಡುವಾಗ ಜೇಡ ಸಾಯುವ ಭಾಗದಲ್ಲಿ ಗಂಟಲು ಕಟ್ಟಿ ಮತ್ತೆ ಮತ್ತೆ ನಿಲ್ಲಿಸಬೇಕಾಯಿತು. ಆದ್ದರಿಂದ ಮಗುವಿನ ಮುಂದೆ ಓದುವಾಗ ನಿಮ್ಮ ಧ್ವನಿ ನಡುಗಿದರೆ ನಾಚಿಕೊಳ್ಳಬೇಡಿ.

ದುಃಖ ಬೇಗ ಮುಗಿಯುವುದಿಲ್ಲ ಎಂದು ತಿಳಿಯಬೇಕಾದ ದೊಡ್ಡ ಮಕ್ಕಳಿಗೆ ಮೈಕೆಲ್ ರೋಸೆನ್ ಬರೆದು, ಕ್ವೆಂಟಿನ್ ಬ್ಲೇಕ್ ಚಿತ್ರ ಬಿಡಿಸಿದ ‘ಸ್ಯಾಡ್ ಬುಕ್’ (2004) ಇದೆ. ರೋಸೆನ್ ಅವರ ಮಗ 1999ರಲ್ಲಿ ತೀರಿಕೊಂಡಿದ್ದ. ಮುಖದಲ್ಲಿ ನಗು ಇದ್ದರೂ ಒಳಗೆ ದುಃಖ ಇರಬಹುದು ಎಂಬುದನ್ನು ಆ ಪುಸ್ತಕ ಮೊದಲ ಪುಟದಲ್ಲೇ ಒಪ್ಪಿಕೊಳ್ಳುತ್ತದೆ.

ಇಂಗ್ಲಿಷ್ ಪುಸ್ತಕವೇ ಆಗಬೇಕೆಂದಿಲ್ಲ, ದುಡ್ಡು ಕೊಟ್ಟೇ ತರಬೇಕೆಂದೂ ಇಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಕಥೆಗಳನ್ನು ಫೋನಿನಲ್ಲೇ ಉಚಿತವಾಗಿ ಓದಬಹುದು. ಊರಿನ ಗ್ರಂಥಾಲಯದ ಮಕ್ಕಳ ವಿಭಾಗದಲ್ಲೂ ಹುಡುಕಿ. ಯಾವ ಪುಸ್ತಕ ಸಿಕ್ಕರೂ ಮಗುವಿಗೆ ಕೊಡುವ ಮೊದಲು ನೀವು ಒಮ್ಮೆ ಪೂರ್ತಿ ಓದಿ, ಇಷ್ಟನ್ನು ಪರೀಕ್ಷಿಸಿ:

- ಸತ್ತ ಪಾತ್ರ ಕೊನೆಗೆ ಮಾಯದಿಂದ ಎದ್ದು ಬರುತ್ತದೆಯೇ? ಹಾಗಿದ್ದರೆ ಈ ಹೊತ್ತಿಗೆ ಬೇಡ.
- ತಪ್ಪು ಮಾಡಿದ್ದಕ್ಕೆ ಶಿಕ್ಷೆಯಾಗಿ ಸಾವು ಬರುತ್ತದೆಯೇ? ಅದೂ ಬೇಡ.
- ಪಾತ್ರಗಳಿಗೆ ಅಳಲು, ಸಿಟ್ಟಾಗಲು ಜಾಗವಿದೆಯೇ? ಇರಬೇಕು.
- ಉಳಿದವರು ಒಬ್ಬರಿಗೊಬ್ಬರು ಆಸರೆಯಾಗುತ್ತಾರೆಯೇ? ಇದು ಬಹಳ ಮುಖ್ಯ.
- ನಿದ್ದೆ, ಪ್ರಯಾಣದ ಹೋಲಿಕೆ ಇದೆಯೇ? ಇದ್ದರೆ ಆ ಪುಟದಲ್ಲಿ ನಿಂತು ಬಿಡಿಸಿ ಹೇಳಲು ಸಿದ್ಧರಾಗಿ.

ಓದುವುದು ಹೇಗೆ?

ಫೋನ್ ಕೊಟ್ಟು ಓದಿಕೋ ಎನ್ನಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಮಲಗುವ ಹೊತ್ತಿಗಿಂತ ಹಗಲು ಒಳ್ಳೆಯದು. ಮಗು ನಡುವೆ ಎದ್ದು ಆಟಕ್ಕೆ ಓಡಿದರೆ ಬಿಡಿ. ಮಕ್ಕಳ ದುಃಖ ದೊಡ್ಡವರದರಂತೆ ಸತತವಾಗಿ ಇರುವುದಿಲ್ಲ. ಈಗ ಅಳು, ಐದು ನಿಮಿಷಕ್ಕೆ ನಗು. ಅದಕ್ಕೆ ಪ್ರೀತಿ ಇಲ್ಲ, ಮರೆತುಬಿಟ್ಟಿದೆ ಎಂದರ್ಥವಲ್ಲ. ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಕೇಳಿದರೆ ಇಪ್ಪತ್ತು ಸಲವೂ ಓದಿ. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ ಅದೇ ಉತ್ತರ ಕೊಡಿ. ಮಗು ಪರೀಕ್ಷಿಸುತ್ತಿರುವುದು ಉತ್ತರ ಬದಲಾಗಿದೆಯೇ ಎಂದು.

‘ದುಃಖಕ್ಕೆ ಐದು ಹಂತ, ಒಂದಾದ ಮೇಲೊಂದು ಬರುತ್ತವೆ’ ಎಂಬ ಇನ್ನೊಂದು ಫಾರ್ವರ್ಡ್ ಕೂಡ ಓಡಾಡುತ್ತದೆ. ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರ ತಮ್ಮ ಪುಸ್ತಕದಲ್ಲಿ ಬರೆದದ್ದು ಸಾವನ್ನು ಎದುರಿಸುತ್ತಿದ್ದ ರೋಗಿಗಳ ಬಗ್ಗೆ. ಅದು ಎಲ್ಲರೂ ಹತ್ತಲೇಬೇಕಾದ ಮೆಟ್ಟಿಲಲ್ಲ. ನಿಮ್ಮ ಮಗು ಯಾವ ಹಂತದಲ್ಲಿದೆ ಎಂದು ಲೆಕ್ಕ ಹಾಕಲು ಹೋಗಬೇಡಿ.

ಯಾವಾಗ ಸಹಾಯ ಪಡೆಯಬೇಕು?

ಕೆಲವು ವಾರ ನಿದ್ದೆ ಕೆಡುವುದು, ಹಾಸಿಗೆ ಒದ್ದೆ ಮಾಡುವುದು, ಅಮ್ಮನಿಗೆ ಅಂಟಿಕೊಳ್ಳುವುದು ಸಾಮಾನ್ಯ. ಇವು ತಿಂಗಳುಗಟ್ಟಲೆ ಮುಂದುವರಿದರೆ, ಮಗು ಊಟ, ಆಟ, ಶಾಲೆ ಎಲ್ಲವನ್ನೂ ಬಿಟ್ಟರೆ, ತಾನೂ ಸತ್ತು ಅವರ ಬಳಿ ಹೋಗಬೇಕು ಎಂದು ಹೇಳುತ್ತಿದ್ದರೆ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ಕೊನೆಯದನ್ನು ಹೇಳಿದರೆ ತಿಂಗಳು ಕಾಯಬೇಡಿ, ಅಂದೇ ಮಾತನಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು.

ಕೊನೆಗೆ

ಪುಸ್ತಕ ಮುಗಿದ ಮರುದಿನ ನಾನು ಪುಟ್ಟಿಯನ್ನು ಕೇಳಿದೆ, ಬ್ಯಾಜರ್ ತಾತ ಮೋಲ್‌ಗೆ ಕಾಗದ ಕತ್ತರಿಸಲು ಕಲಿಸಿದ್ದನಲ್ಲ, ಅಜ್ಜ ನಿನಗೆ ಏನು ಕಲಿಸಿದ್ದರು? ಅವಳು ಹಿತ್ತಲಿಗೆ ಓಡಿದಳು. ತೆಂಗಿನ ಗರಿ ಸೀಳಿ, ಸುತ್ತಿ, ತುದಿಗೆ ಕಡ್ಡಿ ಚುಚ್ಚಿ ಪೀಪಿ ಮಾಡಿದಳು. ಊದಿದಳು. ಮೊದಲ ಸಲ ಬರೀ ಗಾಳಿ. ‘ಅಜ್ಜ ಇದ್ದಿದ್ದರೆ ಸರಿ ಮಾಡುತ್ತಿದ್ದರು’ ಎಂದಳು. ಇದ್ದಿದ್ದರೆ! ಆ ಪದ ಕೇಳಿ ಅಕ್ಕ ಒಳಗೆ ಹೋಗಿಬಿಟ್ಟಳು. ಪುಟ್ಟಿ ಮತ್ತೆ ಬಿಚ್ಚಿ ಸುತ್ತಿದಳು. ಈ ಸಲ ಕೂಗಿತು.

ಅಂದು ರಾತ್ರಿ ಕನ್ನಡಕವನ್ನು ದಿಂಬಿನ ಪಕ್ಕದಿಂದ ತೆಗೆದು ಅಜ್ಜನ ಫೋಟೋ ಮುಂದೆ ಇಟ್ಟವಳೂ ಅವಳೇ. ನಿದ್ದೆ ಒಂದೇ ದಿನದಲ್ಲಿ ಸರಿಹೋಗಲಿಲ್ಲ, ಇನ್ನೂ ಒಂದು ತಿಂಗಳು ಹಿಡಿಯಿತು. ಆದರೆ ಯಾವಾಗ ಏಳುತ್ತಾರೆ ಎಂಬ ಪ್ರಶ್ನೆ ಮತ್ತೆ ಬರಲಿಲ್ಲ.

ಆ ಫಾರ್ವರ್ಡ್‌ನಲ್ಲಿ ಮಗುವಿನ ಮೇಲಿನ ಪ್ರೀತಿ ನಿಜ, ಸಲಹೆ ಮಾತ್ರ ತಪ್ಪು. ಅದು ನಿಮ್ಮ ಗ್ರೂಪಿಗೆ ಮತ್ತೆ ಬಂದರೆ ಕಳುಹಿಸಿದವರ ಮೇಲೆ ಸಿಟ್ಟಾಗಬೇಡಿ. ಅದರ ಕೆಳಗೆ ಈ ಲೇಖನ ಹಾಕಿ. ಹತ್ತು ಜನರಿಗೆ ಕಳುಹಿಸಬೇಕೆಂದಿಲ್ಲ, ಮನೆಯಲ್ಲಿ ಪುಟ್ಟ ಮಗು ಇರುವ ಒಬ್ಬರಿಗೆ ಕಳುಹಿಸಿದರೂ ಸಾಕು.